ಕಾಡಿನ ರಸ್ತೆಯಲ್ಲಿ ದಿಕ್ಕು ಮತ್ತು ಹೊತ್ತು: ರೋಡ್ ಸೈಕಲ್‌ಗೆ ನಾನು ರೂಟ್ ಮಾಡಿಕೊಂಡ ಬಗೆ

ನಗರದ ಕೊನೆಯ ಸಿಗ್ನಲ್ ದಾಟಿ, ಲಾರಿಗಳ ಪಕ್ಕದಲ್ಲಿ ಅರ್ಧ ಗಂಟೆ ತುಳಿದ ಮೇಲೆ ಕಾಡಿನ ರಸ್ತೆ ಸಿಗುತ್ತದೆ. ಎರಡು ತಿರುವು ದಾಟಿದರೆ ಸಾಕು, ಚೈನ್ ಓಡುವ ಸದ್ದು ಕಿವಿಗೆ ಬೀಳಲು ಶುರುವಾಗುತ್ತದೆ. ಆ ಸದ್ದಿಗಾಗಿಯೇ ನಾನು ಏಳು ವರ್ಷದಿಂದ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೇನೆ. ಈಗ ನನ್ನ ಬಳಿ ಮೂರು ರೂಟ್‌ಗಳಿವೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ 45, 64 ಮತ್ತು 92 ಕಿ.ಮೀ. ಮೂರೂ ಒಂದೇ ಕಾಡಿನೊಳಗೆ ಸುತ್ತುತ್ತವೆ. ಅವನ್ನು ಮಾಡಿಕೊಳ್ಳಲು ನನಗೆ ಎರಡು ವರ್ಷವೇ ಬೇಕಾಯಿತು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋನಿನಲ್ಲಿ ಮ್ಯಾಪ್ ತೆರೆದು, ಹಸಿರು ಬಣ್ಣದ ನಡುವೆ ಇದ್ದ ಗೆರೆಗಳನ್ನು ಜೋಡಿಸಿ ಒಂದು ಸುತ್ತು ಹಾಕಿದೆ. 64 ಕಿ.ಮೀ. ಬಂತು. ಒಟ್ಟು ಏರು ಎಷ್ಟು ಎಂದು ಆಪ್ ತೋರಿಸಿದ್ದನ್ನು ನಂಬಿದೆ. ಕಾಡು ಶುರುವಾಗುವ ಕಡೆ ಒಂದು ದಿಢೀರ್ ಏರು ಇದೆ ಎಂದು ಅದು ಹೇಳಿತ್ತು. ಹೋಗಿ ನೋಡಿದರೆ ಅಲ್ಲಿ ರಸ್ತೆ ಅಂಗೈಯಷ್ಟು ಸಪಾಟು.

ಕಾರಣ ಗೊತ್ತಾಗಿದ್ದು ಆಮೇಲೆ. ಹಲವು ಮ್ಯಾಪ್‌ಗಳು ಬಳಸುವ ಎತ್ತರದ ಮಾಹಿತಿ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರ್ ಅಲೆ ನೆಲದವರೆಗೂ ಇಳಿಯುವುದಿಲ್ಲ. ಎಲೆ ಕೊಂಬೆಗಳ ನಡುವೆಯೇ ಎಲ್ಲೋ ತಾಗಿ ವಾಪಸ್ ಬರುತ್ತದೆ. ಹಾಗಾಗಿ ಬಯಲು ಮುಗಿದು ಮರ ಶುರುವಾಗುವ ಜಾಗದಲ್ಲಿ ನೆಲವೇ ಎದ್ದು ನಿಂತಂತೆ ಮ್ಯಾಪ್ ತೋರಿಸುತ್ತದೆ. ಆಮೇಲಿಂದ ನಾನು ಕಾಡಂಚಿನ ಏರುಗಳನ್ನು ನಂಬುವುದಿಲ್ಲ. ಸಮೋನ್ನತ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ಮ್ಯಾಪ್ ನೋಡಿ, ರಸ್ತೆ ಎಷ್ಟು ಗೆರೆ ದಾಟುತ್ತದೆ ಎಂದು ಕೈಯಲ್ಲೇ ಎಣಿಸುತ್ತೇನೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೈಕಲ್ ಕಂಪ್ಯೂಟರ್ ಇದ್ದರೆ ಇನ್ನೂ ವಾಸಿ. ಜಿಪಿಎಸ್ ಕೂಡ ಒದ್ದೆ ಎಲೆಗಳ ಕೆಳಗೆ ತಡಬಡಾಯಿಸುತ್ತದೆ, ಹೇರ್‌ಪಿನ್ ತಿರುವುಗಳನ್ನು ಅಡ್ಡಹಾಯ್ದು ದೂರವನ್ನು ಕಮ್ಮಿ ತೋರಿಸುತ್ತದೆ. ಚಕ್ರದ ನಡುವಿನ ಹಬ್‌ಗೆ ಕಟ್ಟುವ, ಸುತ್ತು ಎಣಿಸುವ ಸಣ್ಣ ಸ್ಪೀಡ್ ಸೆನ್ಸರ್ ಹಾಕಿಕೊಂಡ ಮೇಲೆ ಆ ತಲೆನೋವು ಹೋಯಿತು.

ರಸ್ತೆ ಹೇಗಿದೆ ಎಂದು ತಿಳಿಯುವುದು ಇನ್ನೂ ಕಷ್ಟ. ಉಪಗ್ರಹ ಚಿತ್ರದಲ್ಲಿ ಕಾಣುವುದು ಮರದ ನೆತ್ತಿ ಮಾತ್ರ, ಕೆಳಗೆ ಡಾಂಬರು ಇದೆಯೋ ಜಲ್ಲಿ ಇದೆಯೋ ಗೊತ್ತಾಗುವುದಿಲ್ಲ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೊಂದು ರಸ್ತೆಗೂ ಮೇಲ್ಮೈ ಯಾವುದು ಎಂದು ಗುರುತು ಹಾಕುವ ಅವಕಾಶವಿದೆ, ಆದರೆ ಎಲ್ಲರೂ ಹಾಕಿರುವುದಿಲ್ಲ. ಬೇರೆಯವರು ಎಲ್ಲಿ ಜಾಸ್ತಿ ತುಳಿದಿದ್ದಾರೆ ಎಂದು ತೋರಿಸುವ ಹೀಟ್‌ಮ್ಯಾಪ್ ಸಹಾಯ ಮಾಡುತ್ತದೆ, ಆದರೆ ಅದರಲ್ಲಿ ಕಚ್ಚಾ ಹಾದಿಯಲ್ಲೂ ಓಡಿಸುವ, ದಪ್ಪ ಟಯರಿನ ಮೌಂಟನ್ ಬೈಕಿನವರೂ ಸೇರಿರುತ್ತಾರೆ. ಅದನ್ನು ನಂಬಿ ಒಮ್ಮೆ 25 ಮಿ.ಮೀ. ಟಯರ್‌ನಲ್ಲಿ ನಾಲ್ಕು ಕಿ.ಮೀ. ಮರಳು ಹಾದಿ ದಾಟಿದ್ದೇನೆ, ಅರ್ಧ ದೂರ ಸೈಕಲ್ ಹೊತ್ತುಕೊಂಡು. ಈಗ ಹೊಸ ರಸ್ತೆಯನ್ನು ರೂಟಿಗೆ ಸೇರಿಸುವ ಮೊದಲು ಒಂದು ದಿನ ಅದಕ್ಕೇ ಅಂತ ನಿಧಾನವಾಗಿ ಹೋಗಿ ಬರುತ್ತೇನೆ. ಗೇಟ್ ಇದ್ದರೆ ಅಲ್ಲಿರುವ ಕಾವಲುಗಾರರನ್ನು ಮಾತನಾಡಿಸುತ್ತೇನೆ. ಯಾವಾಗ ಮುಚ್ಚುತ್ತಾರೆ, ಸೈಕಲ್ ಬಿಡುತ್ತಾರಾ, ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ, ಇದೆಲ್ಲ ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರುವುದಿಲ್ಲ. ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ, ಆ ಗೆರೆಯನ್ನು ರೂಟಿನಿಂದ ಅಳಿಸಿಬಿಡುತ್ತೇನೆ.

ಇನ್ನು ದಿಕ್ಕಿನ ಮಾತು. ನನ್ನ 64 ಕಿ.ಮೀ. ಸುತ್ತಿನ ನಡುವೆ ಒಂದು ಗುಡ್ಡದ ಸಾಲು ಅಡ್ಡ ಬರುತ್ತದೆ, 210 ಮೀಟರ್ ಎತ್ತರ. ಪಡುವಣದ ಕಡೆಯಿಂದ ಹತ್ತಿದರೆ ಆರು ಕಿ.ಮೀ. ಮೆಲ್ಲನೆಯ ಏರು, ಸರಾಸರಿ ಶೇ. 3.5. ಮೂಡಣದ ಕಡೆ ಅದೇ ಎತ್ತರ 2.6 ಕಿ.ಮೀ.ನಲ್ಲಿ ಮುಗಿಯುತ್ತದೆ, ಅಂದರೆ ಶೇ. 8. ಹೊಸಬನಾಗಿದ್ದಾಗ ಸುಲಭದ ಕಡೆಯಿಂದಲೇ ಹತ್ತುತ್ತಿದ್ದೆ. ಸಹಜ ಅಲ್ವಾ? ಆದರೆ ಕಡಿದಾದ ಆ ಮೂಡಣದ ಬದಿಯಲ್ಲೇ ಡಾಂಬರು ಕಿತ್ತುಹೋಗಿತ್ತು. ಮರದ ಬೇರುಗಳು ರಸ್ತೆಯನ್ನು ಎಬ್ಬಿಸಿ ಅಡ್ಡಡ್ಡ ದಿಣ್ಣೆ ಮಾಡಿದ್ದವು. ಇಳಿಯುವಾಗ ಬೆಳಗಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಗಂಟೆಗೆ 45 ಕಿ.ಮೀ. ವೇಗ ಅಂದರೆ ಒಂದು ಸೆಕೆಂಡಿಗೆ 12.5 ಮೀಟರ್. ಗುಂಡಿ ಕಂಡು ಕೈ ಬ್ರೇಕ್ ಮುಟ್ಟುವಷ್ಟರಲ್ಲಿ ಗುಂಡಿ ಚಕ್ರದ ಕೆಳಗೆ ಬಂದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಆ ಇಳಿಜಾರಿನ ಕೊನೆಗೆ ಬರುವಷ್ಟರಲ್ಲಿ ಪ್ರತಿ ಸಲ ನನ್ನ ಬೆರಳುಗಳು ಮರಗಟ್ಟಿರುತ್ತಿದ್ದವು.

ಒಂದು ದಿನ ಸುಮ್ನೆ ಉಲ್ಟಾ ಹೋಗಿ ನೋಡಿದೆ. ಕಡಿದಾದ ಕಡೆಯಿಂದ ಹತ್ತಿದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಂದೊಂದು ಬೇರಿನ ದಿಣ್ಣೆಯೂ ಮೊದಲೇ ಕಾಣುತ್ತಿತ್ತು. ಬಿಸಿಲು ಬೆನ್ನಿಗಿತ್ತು. ಮೇಲೆ ಹತ್ತಿ ನಿಂತು, ತೆಳು ಜಾಕೆಟ್ ಹಾಕಿಕೊಂಡು, ಆ ಕಡೆ ಆರು ಕಿ.ಮೀ. ನುಣುಪು ರಸ್ತೆಯಲ್ಲಿ ಇಳಿದೆ. ಆ ಇಳಿತವನ್ನು ಏನೆಂದು ಹೇಳಲಿ! ಉದ್ದದ ತಿರುವುಗಳು, ಬ್ರೇಕ್ ಹೆಚ್ಚು ಹಿಡಿಯುವಂತೇ ಇಲ್ಲ, ಎರಡೂ ಕಡೆ ಮರ. ಅದೇ ರಸ್ತೆಯಲ್ಲಿ ಅಲ್ಲಿವರೆಗೆ ಹತ್ತು ಹನ್ನೆರಡು ಸಲ ಹೋಗಿದ್ದೆ, ಆ ದಿನ ಅದು ಹೊಸ ರಸ್ತೆಯಂತೆ ಕಂಡಿತು. ಅಂದಿನಿಂದ ರೂಟ್ ಮಾಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇಳಿಯುವುದು ಯಾವ ಕಡೆ ಎಂದು. ಹತ್ತುವುದು ಎಷ್ಟೇ ಕಷ್ಟವಾದರೂ ಇರಲಿ, ಇಳಿಯುವ ರಸ್ತೆ ಚೆನ್ನಾಗಿರಬೇಕು.

ಹಾಗೆ ಹತ್ತಲು ಗೇರ್ ಬೇಕು. ಮೊದಲು ನನ್ನ ಸೈಕಲ್ಲಿನ ಅತಿ ಹಗುರದ ಗೇರ್ ಮುಂದಿನ ಹಲ್ಲುಚಕ್ರದಲ್ಲಿ 39 ಹಲ್ಲು, ಹಿಂದಿನದರಲ್ಲಿ 25 ಹಲ್ಲು. ಶೇ. 8ರ ಏರಿನಲ್ಲಿ ಗಂಟೆಗೆ 10 ಕಿ.ಮೀ. ಹೋದರೆ ಪೆಡಲ್ ನಿಮಿಷಕ್ಕೆ ಐವತ್ತೇ ಸುತ್ತು ಸುತ್ತುತ್ತಿತ್ತು. ಅದು ತುಳಿತವಲ್ಲ, ಒದ್ದಾಟ. ಮಂಡಿ ನೋಯುತ್ತಿತ್ತು. ಈಗ ಮುಂದೆ 34, ಹಿಂದೆ 32 ಹಲ್ಲು. ಅದೇ ವೇಗದಲ್ಲಿ ನಿಮಿಷಕ್ಕೆ 75 ಸುತ್ತು ಬರುತ್ತದೆ, ಉಸಿರು ಸರಾಗವಾಗಿರುತ್ತದೆ, ಸುತ್ತಮುತ್ತ ನೋಡಲು ಆಗುತ್ತದೆ.

ದಿಕ್ಕು ಸರಿಯಾದ ಮೇಲೆ ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ. ಆ ಸುಂದರ ಇಳಿಜಾರಿನಲ್ಲೇ ಬಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ನಗರದ ರಸ್ತೆ ಒಣಗಿತ್ತು, ಗುಡ್ಡದ ಮೂಡಣದ ಬದಿಯೂ ಹೆಚ್ಚುಕಮ್ಮಿ ಒಣಗಿತ್ತು. ಪಡುವಣದ ಬದಿಗೆ ಬೆಳಗಿನ ಬಿಸಿಲೇ ತಾಕುವುದಿಲ್ಲ ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಗುಡ್ಡದ ನೆರಳು, ಅದರ ಮೇಲೆ ಮರದ ನೆರಳು. ಮಳೆ ನಿಂತ ಮೇಲೂ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಮೂರನೇ ತಿರುವಿನಲ್ಲಿ ಕೊಳೆತ ಎಲೆಗಳ ಮೇಲೆ ಮುಂದಿನ ಚಕ್ರ ಜಾರಿತು. ತೊಡೆ, ಮೊಣಕೈ ತರಚಿತು. ಹೆಲ್ಮೆಟ್ ಬಿರುಕು ಬಿಟ್ಟಿತು, ತಲೆ ಉಳಿಯಿತು.

ಅದಾದ ಮೇಲೆ ಆ ರಸ್ತೆಯನ್ನು ಒಂದು ದಿನ ನಡೆದುಕೊಂಡೇ ನೋಡಿದೆ. ಕಾರುಗಳ ಚಕ್ರ ಓಡುವ ಎರಡು ಪಟ್ಟಿ ಉಜ್ಜಿ ಉಜ್ಜಿ ಸ್ವಚ್ಛವಾಗಿತ್ತು. ಅವುಗಳ ನಡುವೆ ಕಡು ಹಸಿರು ಪಾಚಿಯ ಪಟ್ಟಿ. ತಿರುವಿನ ಅಂಚಿನಲ್ಲಿ ಎಲೆ, ಕಡ್ಡಿ, ಸಣ್ಣ ಜಲ್ಲಿಯ ರಾಶಿ. ನಾನು ಜಾರಿದ್ದು ಸರಿಯಾಗಿ ಆ ರಾಶಿಯಲ್ಲಿ. ಈಗ ಕಾರಿನ ಚಕ್ರ ಓಡಿದ ಪಟ್ಟಿಯ ಮೇಲೇ ಹೋಗುತ್ತೇನೆ. ಬ್ರೇಕ್ ಹಿಡಿಯುವುದೆಲ್ಲ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗ ಮುಗಿಸುತ್ತೇನೆ. ವಾಲಿದ ಮೇಲೆ ಬ್ರೇಕ್ ಮುಟ್ಟುವುದಿಲ್ಲ. ಮಳೆ ಬಂದ ಮರುದಿನ ಎರಡು ಗಂಟೆ ತಡವಾಗಿ ಹೊರಡುತ್ತೇನೆ, ಇಲ್ಲವಾದರೆ ಗುಡ್ಡ ದಾಟದೆ 45 ಕಿ.ಮೀ. ರೂಟಿಗೆ ಹೋಗುತ್ತೇನೆ.

ಟಯರ್ ಕೂಡ ಬದಲಾಯಿಸಿದೆ. 25 ಮಿ.ಮೀ. ಟಯರ್‌ಗೆ 100 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬುತ್ತಿದ್ದವನು ಈಗ 28 ಮಿ.ಮೀ. ಟಯರ್‌ಗೆ 70 ತುಂಬುತ್ತೇನೆ. ನನ್ನ ತೂಕ 72 ಕೆ.ಜಿ., ಅದಕ್ಕೆ ಇದು ಸರಿಹೋಗುತ್ತದೆ. ಕಲ್ಲಿನಷ್ಟು ಗಟ್ಟಿ ಟಯರ್ ಒರಟು ರಸ್ತೆಯ ಮೇಲೆ ಕುಣಿಯುತ್ತದೆ. ಕುಣಿಯುವ ಟಯರ್‌ಗೆ ಹಿಡಿತವೂ ಇಲ್ಲ, ವೇಗವೂ ಇಲ್ಲ.

ಬೆಳಕಿನ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ. ಎಲೆಗಳ ನಡುವಿನಿಂದ ಬೀಳುವ ಬಿಸಿಲು ರಸ್ತೆಯನ್ನು ಚುಕ್ಕೆ ಚುಕ್ಕೆ ಮಾಡುತ್ತದೆ. ನೋಡಲು ಚಂದ, ಆದರೆ ಗುಂಡಿಯೂ ನೆರಳೂ ಒಂದೇ ಥರ ಕಾಣುತ್ತವೆ. ಬಿಸಿಲಿಗೆ ಕಪ್ಪಾಗುವ ಕನ್ನಡಕ ನನಗೆ ಇಲ್ಲಿ ಒಗ್ಗಲಿಲ್ಲ. ಅದು ತಿಳಿಯಾಗಲು ಕೆಲವು ನಿಮಿಷ ಬೇಕು, ಕಾಡಿನೊಳಗೆ ನುಗ್ಗಲು ಎರಡು ಸೆಕೆಂಡ್ ಸಾಕು. ಈಗ ಬಣ್ಣವಿಲ್ಲದ ಗಾಜಿನದ್ದನ್ನೇ ಹಾಕುತ್ತೇನೆ. ಇನ್ನೊಂದು ಮಾತು: ನಮಗೆ ಆಗುವುದೇ ಹಿಂದಿನಿಂದ ಬರುವ ಕಾರಿನವರಿಗೂ ಆಗುತ್ತದೆ. ಬಿಸಿಲಿನಿಂದ ನೆರಳಿಗೆ ಬಂದ ಕ್ಷಣ ಅವರಿಗೂ ಕಣ್ಣು ಕತ್ತಲು. ಅದಕ್ಕೆ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಬೇಕು. ಅದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಮುಂಜಾನೆ ಮತ್ತು ಸಂಜೆ ಜಿಂಕೆಗಳು ರಸ್ತೆ ದಾಟುವ ಹೊತ್ತು. ಒಂದು ದಾಟಿತು ಎಂದು ಮುಂದೆ ಹೋಗಬೇಡಿ, ಹಿಂದೆ ಇನ್ನೊಂದು ಇರುತ್ತದೆ. ನಾನು ಪೂರ್ತಿ ನಿಂತು ಇಪ್ಪತ್ತರವರೆಗೆ ಎಣಿಸುತ್ತೇನೆ. ನಮ್ಮ ಗುಡ್ಡ ಹತ್ತುವ ಹೊತ್ತಿಗೆ ಇನ್ನೂ ಮುಂಜಾನೆ, ಹಾಗಾಗಿ ಅವು ಎದುರಾಗುವುದು ನಾನು ನಿಧಾನವಾಗಿ ಇರುವಾಗಲೇ. ಇಳಿಯುವ ಹೊತ್ತಿಗೆ ಅವು ಒಳಗೆ ಸರಿದಿರುತ್ತವೆ. ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಕಾಡಿಗೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಪೊದೆ ಸರಿದಾಡುವ ಸದ್ದೇ ಅಲ್ಲಿ ಮೊದಲ ಎಚ್ಚರಿಕೆ. ನಡೆಯುವವರು ಸಿಕ್ಕರೆ ದೂರದಿಂದಲೇ ಬೆಲ್ ಹೊಡೆದು, ವೇಗ ಇಳಿಸಿ ದಾಟುತ್ತೇನೆ.

92 ಕಿ.ಮೀ. ರೂಟ್ ಮಾಡಿಕೊಂಡಿದ್ದು ಕೊನೆಗೆ. ಅದರಲ್ಲಿ ಕಷ್ಟ ದೂರದ್ದಲ್ಲ, ಫೋನ್ ಸಿಗ್ನಲ್ ಇಲ್ಲದ 14 ಕಿ.ಮೀ.ಗಳದ್ದು. ಮೊದಲ ಸಲ ಸರಿಯಾಗಿ ಅದರ ನಡುವೆ ಪಂಕ್ಚರ್ ಆಯಿತು. ಟ್ಯೂಬ್ ಬದಲಾಯಿಸಿದೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಟಯರಿನ ಒಳಗೆ ಮುರಿದುಕೊಂಡಿದ್ದ ಮುಳ್ಳನ್ನು ನಾನು ತೆಗೆದಿರಲಿಲ್ಲ. ಇದ್ದದ್ದು ಒಂದೇ ಟ್ಯೂಬ್. ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಇರುವ ಶೂನಲ್ಲಿ ಏಳು ಕಿ.ಮೀ. ನಡೆದೆ. ಈಗ ಎರಡು ಟ್ಯೂಬ್, ಪ್ಯಾಚ್, ಕೈ ಪಂಪ್ ಇರುತ್ತವೆ. ಮುಳ್ಳು ಹುಡುಕಲು ಟಯರಿನ ಒಳಗೆ ಬಟ್ಟೆ ಆಡಿಸುತ್ತೇನೆ. ಮುಳ್ಳಿದ್ದರೆ ದಾರ ಸಿಕ್ಕಿಕೊಳ್ಳುತ್ತದೆ, ಬೆರಳು ಉಳಿಯುತ್ತದೆ. ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಂಡಿರುತ್ತೇನೆ. ಅದರಲ್ಲಿ ಕಾಡಿನಿಂದ ಹೊರಗೆ ಬೇಗ ಬರುವ ಅಡ್ಡದಾರಿಗಳಿಗೆ ಗುರುತು ಹಾಕಿದ್ದೇನೆ. ಎಷ್ಟು ಹೊತ್ತಿಗೆ ವಾಪಸ್, ಯಾವ ದಿಕ್ಕಿನಲ್ಲಿ ಸುತ್ತುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಡುತ್ತೇನೆ. ದಿಕ್ಕು ಹೇಳುವುದು ಮುಖ್ಯ. ಹುಡುಕಬೇಕಾಗಿ ಬಂದರೆ ಅವರು ಎದುರಿನಿಂದ ಬರಬಹುದು.

ಹೋದ ತಿಂಗಳು ಆಫೀಸಿನ ಗೆಳತಿಯೊಬ್ಬರು ಹೊಸ ರೋಡ್ ಸೈಕಲ್ ತಗೊಂಡು, ರೂಟ್ ಫೈಲ್ ಕಳಿಸಿ ಎಂದರು. 64ರದ್ದನ್ನು ಕಳಿಸಿದೆ. ಫೈಲಿನ ಹೆಸರನ್ನೇ ‘ಮೂಡಣದಿಂದ ಹತ್ತಿ, ಬೆಳಿಗ್ಗೆ ಆರಕ್ಕೆ, ಮಳೆ ಬಂದಿದ್ದರೆ ಎಂಟಕ್ಕೆ’ ಎಂದು ಬದಲಾಯಿಸಿ ಕಳಿಸಿದೆ.