ಗಾಳಿ ಜಾಸ್ತಿ ಇರೋ ಟೆರೇಸಿಗೆ ಎಂಥ ಛತ್ರಿ ತರಬೇಕು?

ಚಿತ್ರದುರ್ಗದಲ್ಲಿ ನಾನು ಶಾಮಿಯಾನದ ಕೆಲಸ ಶುರು ಮಾಡಿ 22 ವರ್ಷವಾಯಿತು. ಈಗ ಐದಾರು ವರ್ಷದಿಂದ ಗಾರ್ಡನ್ ಅಂಬ್ರೆಲಾಗಳನ್ನೂ ಬಾಡಿಗೆಗೆ ಕೊಡುತ್ತೇನೆ. ಫಂಕ್ಷನ್ನಿಗೆ ಬಂದವರು ಅದರ ಕೆಳಗೆ ಕೂತು ನೋಡಿ, "ಅಣ್ಣಾ, ನಮ್ಮ ಟೆರೇಸಿಗೂ ಒಂದು ಬೇಕಿತ್ತು, ಯಾವುದು ತಗೊಳ್ಳೋದು?" ಅಂತ ಕೇಳುತ್ತಾರೆ. ನಾನು ಮೊದಲು ತಿರುಗಿ ಕೇಳುವುದು ಒಂದೇ. ಗಾಳಿ ಎದ್ದಾಗ ಅದನ್ನು ಮಡಚೋರು ಯಾರು?

ಯಾಕೆಂದರೆ ಎಂಥ ಗಾಳಿಗೂ ಬಿಚ್ಚಿಟ್ಟೇ ಇರಬಹುದಾದ ಛತ್ರಿಯನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಮಡಚೋಕೆ ಸಲೀಸಾದ ಛತ್ರಿ, ಮಡಚುವ ತನಕ ಬೀಳದ ಬೇಸ್. ಈ ಎರಡನ್ನು ನೋಡಿಕೊಂಡರೆ ಸಾಕು, ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮೂರಿನ ಗಾಳಿ ಗೊತ್ತಲ್ವಾ? ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಆಷಾಢದ ಗಾಳಿ ಪಡುವಣದಿಂದ, ನೈಋತ್ಯದಿಂದ ಒಂದೇ ಸಮನೆ ಬೀಸುತ್ತದೆ. ಅದು ಬರುವ ದಿಕ್ಕು ಗೊತ್ತು, ತಿಂಗಳೂ ಗೊತ್ತು. ಹಾಗಾಗಿ ಅದನ್ನು ಹೇಗೋ ಸುಧಾರಿಸಬಹುದು. ನನಗೆ ಹೆದರಿಕೆ ಇರುವುದು ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಯದ್ದು. ನಾಲ್ಕು ಗಂಟೆಗೆ ಎಲೆ ಅಲ್ಲಾಡುವುದಿಲ್ಲ. ನಾಲ್ಕೂವರೆಗೆ ಮೋಡ ಕಟ್ಟಿ, ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ನುಗ್ಗುತ್ತದೆ.

ಅಂಥದ್ದೇ ಒಂದು ಮೇ ಸಂಜೆ ನಮ್ಮ ಮನೆ ಟೆರೇಸಿನಲ್ಲೇ ಆದದ್ದು ಹೇಳುತ್ತೇನೆ. 9 ಅಡಿ ಛತ್ರಿ, ಸಿಮೆಂಟ್ ಬೇಸ್. ನಾನು ಕೆಳಗೆ ಲೆಕ್ಕ ಬರೆಯುತ್ತಿದ್ದೆ. ಮೇಲಿಂದ ಪಟಪಟ ಸದ್ದು, ಆಮೇಲೆ ಏನೂ ಇಲ್ಲ. ಓಡಿ ಹೋಗಿ ನೋಡಿದರೆ ಬೇಸ್ ಇಟ್ಟಲ್ಲೇ ಇತ್ತು, ಒಂದಿಂಚೂ ಕದಲಿರಲಿಲ್ಲ. ಛತ್ರಿ ಮಾತ್ರ ಕಂಬದ ಸಮೇತ ಮೇಲಕ್ಕೆ ಕಿತ್ತುಕೊಂಡು, ಪ್ಯಾರಾಪೆಟ್ ದಾಟಿ ಪಕ್ಕದ ಮನೆ ಅಂಗಳದಲ್ಲಿ ಬಿದ್ದಿತ್ತು. ಆ ಮನೆ ಅಜ್ಜಿ ಸಂಜೆ ಹೊತ್ತು ಹೂ ಕಟ್ಟುತ್ತಾ ಕೂರುವ ಕಲ್ಲಿಗೂ ಅದಕ್ಕೂ ಎರಡು ಮಾರು ದೂರ. ಅವತ್ತು ಅಜ್ಜಿ ಒಳಗಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇಸಿನಲ್ಲಿದ್ದ ಒಂದೇ ಒಂದು ಕೈಸ್ಕ್ರೂ ಸಡಿಲವಾಗಿತ್ತು. ಗಾಳಿ ಛತ್ರಿಯನ್ನು ಪಕ್ಕಕ್ಕೆ ತಳ್ಳುವುದಷ್ಟೇ ಅಲ್ಲ, ಅಡಿಯಿಂದ ನುಗ್ಗಿ ಮೇಲಕ್ಕೂ ಎತ್ತುತ್ತದೆ. ಇದನ್ನು ಶಾಮಿಯಾನದವರು ಬೇಗ ಕಲಿಯುತ್ತಾರೆ. ಅದಕ್ಕೇ ನಾವು ನಾಲ್ಕೂ ಕಡೆ ಗೂಟ ಹೊಡೆದು ಹಗ್ಗ ಬಿಗಿಯುವುದು. ಛತ್ರಿಗೆ ಹಗ್ಗವಿಲ್ಲ, ಇರುವುದು ಬೇಸ್ ಒಂದೇ.

ಗಾಳಿಯ ಲೆಕ್ಕ ಹೀಗಿದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 18 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಸುಮಾರು ಒಂದೂವರೆ ಕೆ.ಜಿ. ಒತ್ತುತ್ತದೆ. 36 ಕಿ.ಮೀ. ಆದರೆ 6 ಕೆ.ಜಿ., 54 ಆದರೆ 14 ಕೆ.ಜಿ. ಹತ್ತಿರ. 9 ಅಡಿ ಛತ್ರಿಯ ಬಟ್ಟೆ 5 ಚದರ ಮೀಟರ್ ದಾಟುತ್ತದೆ. ಅದು ಓರೆಯಾಗಿ ಗಾಳಿಗೆ ಪೂರ್ತಿ ಮುಖ ಕೊಟ್ಟರೆ 36 ಕಿ.ಮೀ. ಗಾಳಿಗೇ 30 ಕೆ.ಜಿ. ಮೀರಿದ ತಳ್ಳು. ಅದಕ್ಕೇ ನಾನು ಮನೆಗೆ 7 ಅಡಿಯದು ಸಾಕು ಅನ್ನುವುದು. ಎರಡೇ ಅಡಿ ಕಡಿಮೆ ಅನ್ನಿಸಿದರೂ ಬಟ್ಟೆ ಸುಮಾರು 40% ಕಡಿಮೆಯಾಗುತ್ತದೆ. ನಾಲ್ಕು ಕುರ್ಚಿಗೆ ನೆರಳು ಆರಾಮಾಗಿ ಸಿಗುತ್ತದೆ.

ಬೇಸಿನ ವಿಷಯದಲ್ಲಿ ಎಲ್ಲರೂ ತೂಕ ಕೇಳುತ್ತಾರೆ, ಅಗಲ ಯಾರೂ ಕೇಳುವುದಿಲ್ಲ. 2 ಅಡಿ ಅಗಲದ 50 ಕೆ.ಜಿ. ಬೇಸ್ ಇದೆ ಅಂದುಕೊಳ್ಳಿ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, 2.2 ಮೀಟರ್ ಎತ್ತರದಲ್ಲಿ ಕಂಬವನ್ನು ಪಕ್ಕಕ್ಕೆ ತಳ್ಳಿದರೆ 7 ಕೆ.ಜಿ. ಬಲಕ್ಕೇ ಅದು ವಾಲುತ್ತದೆ. ಅದೇ 3 ಅಡಿ ಅಗಲ, 90 ಕೆ.ಜಿ. ಮಾಡಿದರೆ 18 ಕೆ.ಜಿ. ಬೇಕು. ಪ್ಲಾಸ್ಟಿಕ್ ಬೇಸಿಗೆ ನೀರು ತುಂಬುವುದು ನಮ್ಮೂರಿಗೆ ಆಗಿಬರುವುದಿಲ್ಲ. 20 ಲೀಟರ್ ನೀರು ಅಂದರೆ 20 ಕೆ.ಜಿ. ಅಷ್ಟೇ. ಬಿಸಿಲಿಗೆ ಪ್ಲಾಸ್ಟಿಕ್ ಬಿರಿದು ನೀರು ಸೋರಿಹೋದರೆ ನಿಮಗೆ ಗೊತ್ತೂ ಆಗುವುದಿಲ್ಲ. ಮರಳು ತುಂಬಿದರೆ ಅದಕ್ಕಿಂತ ವಾಸಿ.

ನಾನು ಈಗ ಎಲ್ಲರಿಗೂ ಮಾಡಿಸಿಕೊಡುವ ಬೇಸ್ ಇದು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್‌ನಿಂದ 3 ಅಡಿ ಚೌಕದ ಒಂದು ಚೌಕಟ್ಟು ಮಾಡಿಸಿ. ಅದರೊಳಗೆ ಪ್ಲಸ್ ಆಕಾರದಲ್ಲಿ ಎರಡು ಪಟ್ಟಿ ಹಾಕಿಸಿ, ನಟ್ಟನಡುವೆ ಒಂದೂವರೆ ಅಡಿ ಎತ್ತರದ ಪೈಪ್ ಬೆಸೆಸಿ. ಹೀಗೆ ನಾಲ್ಕು ಮನೆ ಆಗುತ್ತವೆ. ಗ್ರಾನೈಟ್ ಅಂಗಡಿಗೆ ಹೋಗಿ ಒಂದೂವರೆ ಅಡಿ ಚೌಕದ, 20 ಮಿ.ಮೀ. ದಪ್ಪದ ತುಂಡು ಕೇಳಿ. ಮನೆಯಳತೆಗೆ ಸರಿಯಾಗಿ ಅಂಚು ಸ್ವಲ್ಪ ಕತ್ತರಿಸಿಕೊಡುತ್ತಾರೆ. ಕಿಚನ್ ಕೆಲಸದಲ್ಲಿ ಉಳಿದ ತುಂಡಾದರೂ ಸರಿ, ಬಣ್ಣ ಬೇರೆ ಬೇರೆ ಇದ್ದರೂ ಸರಿ. ಒಂದೊಂದು ಸುಮಾರು 11 ಕೆ.ಜಿ. ಬರುತ್ತದೆ. ಒಂದು ಮನೆಗೆ ಎರಡರಂತೆ ಎಂಟು ತುಂಡು ಇಟ್ಟರೆ 90 ಕೆ.ಜಿ. ಮೆಟ್ಟಿಲು ಹತ್ತಿ ಒಂದೊಂದಾಗಿ ಒಬ್ಬರೇ ಸಾಗಿಸಬಹುದು, ಬೇಡವಾದಾಗ ಹಾಗೇ ಇಳಿಸಬಹುದು. ಶೀಟಿನ ಮಾಡಿನ ಮೇಲೆ ಮಾತ್ರ ಇಡಬೇಡಿ, ಆರ್‌ಸಿಸಿ ಟೆರೇಸಾದರೆ ಸರಿ. ಬೇಸ್ ಗಟ್ಟಿಯಾಗಲಿ ಅಂತ ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಹಾಕಿಸಲೂ ಬೇಡಿ. ಮಳೆಗಾಲದಲ್ಲಿ ಅಲ್ಲಿಂದಲೇ ಸೋರಲು ಶುರುವಾಗುತ್ತದೆ.

ಪೈಪಿಗೂ ಕಂಬಕ್ಕೂ ನಡುವೆ ಸಂದು ಇರಬಾರದು. ಕಂಬ ಕೊಂಡ ಮೇಲೆ ಅದನ್ನೇ ವೆಲ್ಡಿಂಗ್ ಅಂಗಡಿಗೆ ಒಯ್ದು ಪೈಪ್ ಆರಿಸಿ. ಬಿಗಿಯಲು ಕೆಳಗೊಂದು ಮೇಲೊಂದು ಸ್ಕ್ರೂ ಇರಲಿ. ಜೊತೆಗೆ ಪೈಪು, ಕಂಬ ಎರಡನ್ನೂ ತೂತು ಮಾಡಿ ಈ ಕಡೆಯಿಂದ ಆ ಕಡೆಗೆ ಒಂದು ಬೋಲ್ಟ್ ಹಾಕಿಸಿ. ಅವತ್ತು ನನ್ನ ಬೇಸಿಗೆ ಆ ಒಂದು ಬೋಲ್ಟ್ ಇದ್ದಿದ್ದರೆ ಛತ್ರಿ ಹಾರುತ್ತಿರಲಿಲ್ಲ.

ಈಗ ಛತ್ರಿ. ಪಕ್ಕದ ಕಂಬದಿಂದ ನೇತಾಡುವ ಸೈಡ್ ಪೋಲ್ ಛತ್ರಿ ನೋಡಲು ಚೆಂದ, ಟೇಬಲ್ ನಡುವೆ ಕಂಬ ಬರುವುದಿಲ್ಲ. ಆದರೆ ಭಾರವೆಲ್ಲ ಒಂದೇ ಕಡೆ, ಗಾಳಿಗೆ ಇಡೀ ತೋಳೇ ತಿರುಚುತ್ತದೆ. ಗಾಳಿ ಇರುವ ಕಡೆ ಬೇಡವೇ ಬೇಡ. ನಡುಗಂಬದ್ದೇ ಇರಲಿ. ಕಂಬದ ದಪ್ಪ 38 ಮಿ.ಮೀ., 48 ಮಿ.ಮೀ. ಎರಡೂ ಸಿಗುತ್ತವೆ. ಎರಡನೆಯದೇ ಕೇಳಿ.

ಕಡ್ಡಿ ಫೈಬರ್‌ಗ್ಲಾಸಿನದು ಇದ್ದರೆ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತೆಳು ಅಲ್ಯೂಮಿನಿಯಂ ಒಮ್ಮೆ ಮಡಚಿಕೊಂಡರೆ ಮುಗಿಯಿತು. ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಬಿಟ್ಟು, ಮೇಲೆ ಚಿಕ್ಕ ಟೊಪ್ಪಿ ಹಾಕಿರುತ್ತಾರೆ. ಅದು ಇರಲೇಬೇಕು. ಅಡಿಯಿಂದ ನುಗ್ಗಿದ ಗಾಳಿಗೆ ಅದೂ ಒಂದು ದಾರಿ. ಕೆಲವದರಲ್ಲಿ ಟೊಪ್ಪಿಯನ್ನು ಕೆಳಗಿನ ಬಟ್ಟೆಗೇ ಸುತ್ತಲೂ ಹೊಲಿದಿರುತ್ತಾರೆ. ಕೈ ತೂರಿಸಿ ನೋಡಿ. ಬೆರಳು ಹೊರಗೆ ಬರದಿದ್ದರೆ ಗಾಳಿಯೂ ಬರುವುದಿಲ್ಲ.

ಅಂಗಡಿಯಲ್ಲಿ ನಾನು ಜಾಸ್ತಿ ಹೊತ್ತು ನೋಡುವುದು ಬಟ್ಟೆಯ ತುದಿ. ಪ್ರತಿ ಕಡ್ಡಿಯ ತುದಿ ಹೋಗಿ ಕೂರಲು ಒಂದು ಪುಟ್ಟ ಜೇಬು ಹೊಲಿದಿರುತ್ತಾರೆ. ಛತ್ರಿ ಹರಿಯುವುದು ಮೊದಲು ಅಲ್ಲೇ. ಆ ಜೇಬನ್ನು ಹೊರಳಿಸಿ ನೋಡಿ. ಒಳಗೆ ದಪ್ಪ ಪಟ್ಟಿಯ ಇನ್ನೊಂದು ಪದರ, ಎರಡು ಸಾಲು ಹೊಲಿಗೆ, ಕೊನೆಯಲ್ಲಿ ದಾರ ಹಿಂದೆ ಮುಂದೆ ಓಡಿಸಿ ಮುಗಿಸಿದ ಗುರುತು ಇರಬೇಕು. ಒಂದೇ ಪದರ, ಒಂದೇ ಹೊಲಿಗೆ ಇದ್ದರೆ ಬಟ್ಟೆ ಎಷ್ಟೇ ಒಳ್ಳೆಯದಿರಲಿ, ವಾಪಸ್ ಇಟ್ಟುಬಿಡಿ.

ಇನ್ನು ಮಡಚುವ ಬಗೆ. ಹ್ಯಾಂಡಲ್ ತಿರುಗಿಸಿ ಬಿಚ್ಚುವ ಛತ್ರಿ ಸುಖವಾಗಿ ಕಾಣುತ್ತದೆ. ಆದರೆ ಬಿರುಗಾಳಿ ಬಂದಾಗ ಅಷ್ಟೂ ಸುತ್ತು ಉಲ್ಟಾ ತಿರುಗಿಸುತ್ತಾ ಅದರಡಿ ನಿಲ್ಲಬೇಕು. ಹಗ್ಗ ಎಳೆದು ಪಿನ್ ಸಿಕ್ಕಿಸುವ ಹಳೇ ಬಗೆಯದೇ ಮೇಲು. ಹಗ್ಗ ಹಿಡಿದುಕೊಂಡು ಪಿನ್ ತೆಗೆದು ಬಿಟ್ಟರೆ ತಾನಾಗಿ ಇಳಿಯುತ್ತದೆ. ಅಂಗಡಿಯಲ್ಲೇ ನಿಮ್ಮ ಮನೆಯಲ್ಲಿ ಹಗಲು ಇರುವವರ ಕೈಯಲ್ಲಿ ಮಾಡಿಸಿ ನೋಡಿ. ಅಮ್ಮನ ಕೈಗೆ ಪಿನ್ ಎಟುಕದಿದ್ದರೆ ಆ ಛತ್ರಿ ನಿಮಗಲ್ಲ.

ಇಡುವ ಜಾಗ ಪ್ಯಾರಾಪೆಟ್ ಅಂಚಿನಿಂದ ದೂರವಿರಲಿ. ಗೋಡೆಗೆ ಬಡಿದ ಗಾಳಿ ಮೇಲೇರಿ ಅಲ್ಲೇ ಎತ್ತುತ್ತದೆ. ಮೆಟ್ಟಿಲ ರೂಮಿನ ಈಶಾನ್ಯದ ಕಡೆ ಇಟ್ಟರೆ ಆಷಾಢದ ಗಾಳಿಗೆ ಅದೇ ಮರೆ.

ಯಾವಾಗ ಮಡಚಬೇಕು? ರಸ್ತೆಯಲ್ಲಿ ಧೂಳು, ಕಾಗದದ ಚೂರು ಎದ್ದು ಹಾರಲು ಶುರುವಾದರೆ ಗಾಳಿ 20 ಕಿ.ಮೀ. ದಾಟಿದೆ ಅಂತ ಅರ್ಥ. ಆಗಲೇ ಮಡಚಿ. ಸಣ್ಣ ಗಿಡಮರ ತೂಗಾಡುವ ತನಕ ಕಾಯಬೇಡಿ. ಮಡಚಿದ ಮೇಲೆ ಬಟ್ಟೆಗೆ ಪಟ್ಟಿ ಸುತ್ತಿ ಕಟ್ಟಿ, ಇಲ್ಲದಿದ್ದರೆ ಮತ್ತೆ ಗಾಳಿ ತುಂಬಿಕೊಂಡು ಅರಳುತ್ತದೆ. ಮನೆಗೆ ಬೀಗ ಹಾಕಿ ಹೋಗುವಾಗ, ರಾತ್ರಿ ಮಲಗುವಾಗ ಮಡಚೇ ಇರಬೇಕು.

ಜೂನ್ ಬಂದ ಮೇಲೆ ನಾನು ನಮ್ಮ ಮನೆಯದನ್ನು ಕಂಬ ಸಮೇತ ಬಿಚ್ಚಿ, ಬಟ್ಟೆ ಪೂರ್ತಿ ಒಣಗಿಸಿ ಒಳಗೆ ಅಡ್ಡ ಮಲಗಿಸುತ್ತೇನೆ. ಹಸಿ ಇದ್ದಾಗ ಸುತ್ತಿದರೆ ಬೂಷ್ಟು ಹಿಡಿಯುತ್ತದೆ. ಶ್ರಾವಣ ಕಳೆದು ಗಾಳಿ ಇಳಿದ ಮೇಲೆ ಮತ್ತೆ ಹೂಡುತ್ತೇನೆ. ಹೂಡುವಾಗ ಮೊದಲು ಆ ಬೋಲ್ಟ್, ಆಮೇಲೆ ಬಟ್ಟೆ.