ಮಾಟುಂಗಾಕ್ಕೆ ಎಷ್ಟು ಹೊತ್ತು? ನಕ್ಷೆಯಲ್ಲಿ ಅಳೆದು ನೋಡಿದ್ದು

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ ನಡೆಯುವ ನಮ್ಮ ಕನ್ನಡ ಬಳಗದ ಭಾನುವಾರದ ಕೂಟಗಳಿಗೆ ಡೊಂಬಿವಲಿಯವರು ತಪ್ಪದೆ ಬರುತ್ತಾರೆ, ನೆರೂಲ್‌ನವರು ಅಪರೂಪ. ದೂರವೇ ಕಾರಣ ಎನ್ನುವವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಡೊಂಬಿವಲಿಯೇ ಹೆಚ್ಚು ದೂರ ಎಂಬುದು ಹೊಳೆದಿರಲಿಲ್ಲ. ಗೂಗಲ್ ಮ್ಯಾಪ್ಸ್ ಇಟ್ಟುಕೊಂಡು ಸಮಯವನ್ನೇ ಅಳೆಯಲು ಕುಳಿತೆ.

ಯಾರ ಮನೆಯ ವಿಳಾಸವನ್ನೂ ಕೇಳಲಿಲ್ಲ. ಮನೆ ಸಮೀಪದ ಒಂದು ದೇವಸ್ಥಾನವೋ ಮಾರುಕಟ್ಟೆಯೋ ಗೊತ್ತಾದರೆ ಸಾಕಿತ್ತು. ಸ್ಟೇಷನ್ನಿನಿಂದಲೇ ಎಣಿಕೆ ಆರಂಭಿಸಿದ್ದರೆ ರಿಕ್ಷಾಕ್ಕಾಗಿ ನಿಲ್ಲುವ ಹೊತ್ತೆಲ್ಲ ಲೆಕ್ಕದಿಂದ ಹೊರಗುಳಿಯುತ್ತಿತ್ತು.

ನಕ್ಷೆ ಕೊಡುವ ಪ್ರಯಾಣದ ಅವಧಿಯಲ್ಲಿ ಒಂದು ಒಳಗುಟ್ಟಿದೆ. ಉದಾಹರಣೆಗೆ, 4:00ಕ್ಕೆ ಹೊರಡುತ್ತೇನೆ ಎಂದು ಕೇಳಿದರೆ ‘4:12ಕ್ಕೆ ಹೊರಡಿ, 50 ನಿಮಿಷ’ ಎಂಬ ಉತ್ತರ ಬರಬಹುದು. ಮೊದಲ 12 ನಿಮಿಷ ಆ ಐವತ್ತರಲ್ಲಿ ಸೇರಿಲ್ಲ. ಆದ್ದರಿಂದ ಅವಧಿಯ ಅಂಕಿಯನ್ನು ಬಿಟ್ಟು, ತಲುಪುವ ಸಮಯದಿಂದ ನಾನು ಕೇಳಿದ ಸಮಯವನ್ನು ಕಳೆದೆ: 62 ನಿಮಿಷ. ಹತ್ತತ್ತು ನಿಮಿಷಗಳ ಅಂತರದಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ, ಉತ್ತರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡೆ. ಸರಾಸರಿಯನ್ನು ತೆಗೆದರೆ ತಪ್ಪಿಹೋದ ಒಂದು ಗಾಡಿ ಇಡೀ ಲೆಕ್ಕವನ್ನು ಎಳೆದುಬಿಡುತ್ತದೆ. ಒಂದು ಗಂಟೆಯೊಳಗೆ ಬರಬಲ್ಲವರು ಎಷ್ಟು ಮಂದಿ ಎಂದು ಎಣಿಸುವ ಪದ್ಧತಿಯೂ ಇದೆ. 61ನೇ ನಿಮಿಷಕ್ಕೆ ಬರುವವರನ್ನು ಇಲ್ಲವೆನ್ನುವ ಆ ಗೆರೆ ನನಗೆ ಹಿಡಿಸಲಿಲ್ಲ.

ವ್ಯತ್ಯಾಸ ಕಂಡದ್ದು ಗಾಡಿ ಬದಲಿಸುವಲ್ಲಿ. ಡೊಂಬಿವಲಿಯವರು ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತಿದರೆ ನೇರವಾಗಿ ಮಾಟುಂಗಾದಲ್ಲೇ ಇಳಿಯಬಹುದು. ಫಾಸ್ಟ್ ಹಿಡಿದರೆ ದಾದರಿಗೆ ಹೋಗಿ ಒಂದು ಸ್ಟೇಷನ್ ಹಿಂದಕ್ಕೆ ಬಂದರಾಯಿತು. ಹಾರ್ಬರ್ ಮಾರ್ಗದ ನೆರೂಲ್‌ನವರಿಗೆ ಎರಡು ದಾರಿ: ಕುರ್ಲಾದಲ್ಲಿ ಸೇತುವೆ ಹತ್ತಿಳಿದು ಸೆಂಟ್ರಲ್ ಮಾರ್ಗದ ಸ್ಲೋ ಗಾಡಿ, ಇಲ್ಲವೇ ವಡಾಳಾ ರೋಡ್‌ನಲ್ಲಿ ಗೋರೆಗಾಂವ್ ಕಡೆಯ ಗಾಡಿ ಹಿಡಿದು ಮಾಟುಂಗಾ ಪೂರ್ವಕ್ಕೆ ಹತ್ತಿರದ ಕಿಂಗ್ಸ್ ಸರ್ಕಲ್ ಸ್ಟೇಷನ್. ಎರಡರಲ್ಲೂ ಬದಲಿಸುವುದು ತಪ್ಪದು. ಒಂದು ಗಾಡಿ ತಪ್ಪಿದರೆ ಹತ್ತಿರವಿದ್ದೂ ದೂರ.

ಗೋರೆಗಾಂವ್‌ನವರಿಗೆ ವೆಸ್ಟರ್ನ್ ಮಾರ್ಗದ ಮಾಟುಂಗಾ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಝಡ್ ಬ್ರಿಜ್ ಎಂಬ ಕಾಲುಸೇತುವೆ ದಾಟಿ ಪೂರ್ವಕ್ಕೆ ಬರುವ ದಾರಿ ಇದೆ. ಮಂಡಿನೋವಿನ ಹಿರಿಯರಿಗೆ ಆ ಮೆಟ್ಟಿಲುಗಳೇ ಒಂದು ಪ್ರಯಾಣ. ‘ಕಡಿಮೆ ನಡಿಗೆ’ ಎಂಬ ಆಯ್ಕೆಯನ್ನು ಒತ್ತಿದರೂ ಅದು ಮೆಟ್ಟಿಲು ಎಣಿಸುವುದಿಲ್ಲ. ಹೀಗಾಗಿ ಪ್ಲಾಟ್‌ಫಾರ್ಮಿನಿಂದ ಸಭಾಂಗಣದ ಬಾಗಿಲವರೆಗಿನ ಭಾಗವನ್ನು ಮಾತ್ರ ನಕ್ಷೆಗೆ ಬಿಡದೆ, ಒಬ್ಬ ಹಿರಿಯರ ಜೊತೆ ಅವರ ವೇಗದಲ್ಲೇ ನಡೆದು ಗಡಿಯಾರದಲ್ಲಿ ನೋಡಿ ಬರೆದುಕೊಂಡೆ. ಗೋರೆಗಾಂವ್‌ನಿಂದ ಕಿಂಗ್ಸ್ ಸರ್ಕಲ್‌ಗೆ ಹಾರ್ಬರ್ ಗಾಡಿ ನೇರ. ಹೊತ್ತು ಹೆಚ್ಚಾದರೂ ಆ ಹಿರಿಯರು ಅದನ್ನೇ ಆರಿಸಿಕೊಂಡರು.

ಇನ್ನು ಭಾನುವಾರದ ಮೆಗಾ ಬ್ಲಾಕ್. ಮಾಟುಂಗಾ–ಮುಲುಂಡ್ ನಡುವೆ ಹಳಿ ದುರಸ್ತಿ ಆಗಾಗ ಇದ್ದದ್ದೇ. ಬೆಳಿಗ್ಗೆ ಹನ್ನೊಂದರ ಆಸುಪಾಸಿನಿಂದ ಮಧ್ಯಾಹ್ನ ನಾಲ್ಕರವರೆಗೆ ಗಾಡಿಗಳು ಹಳಿ ಬದಲಿಸಿ ಓಡುತ್ತವೆ. ನಾನು ನೋಡಿದಾಗಲೆಲ್ಲ ನಕ್ಷೆ ಮಾಮೂಲಿ ವೇಳಾಪಟ್ಟಿಯನ್ನೇ ಹೇಳುತ್ತಿತ್ತು. ರೈಲ್ವೆ ಶನಿವಾರ ಪ್ರಕಟಿಸುವ ಸೂಚನೆಯನ್ನು ಓದಿ, ಆ ಅವಧಿಯ ಉತ್ತರಗಳನ್ನು ಪ್ರತ್ಯೇಕ ಹಾಳೆಗೆ ಹಾಕಿದೆ.

ಈಗ ಕೂಟ ಸಂಜೆ ಐದೂವರೆಗೆ ಶುರುವಾಗುತ್ತದೆ. ಆಮಂತ್ರಣದಲ್ಲಿ ಯಾವ ಊರಿನವರು ಎಲ್ಲಿ ಬದಲಿಸಿ ಎಲ್ಲಿ ಇಳಿಯಬೇಕು ಎಂದು ಬರೆಯುತ್ತೇವೆ. ಮರಳುವ ಪ್ರಯಾಣವನ್ನು ಇನ್ನೂ ಅಳೆದಿಲ್ಲ. ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಸಿಗುವುದಿಲ್ಲ.