ಬಾಯ್ಲರ್ ಕೆಳಗೆ ನೀರು ಜಿನುಗುತ್ತಿದೆಯೇ? ಫಿಲ್ಲಿಂಗ್ ಲೂಪ್ ಬದಲಿಸುವ ಬಗೆ

ಊರಲ್ಲಿ ಗೀಸರ್ ಸ್ವಿಚ್ ಹಾಕಿ ಅಭ್ಯಾಸವಾದವರಿಗೆ ಬ್ರಿಟನ್ನಿನ ಬಾಯ್ಲರ್ ಮೊದಲ ಚಳಿಗಾಲದಲ್ಲಿ ಸ್ವಲ್ಪ ತಲೆನೋವೇ. ಅದರ ಕೆಳಗೆ ನೀರು ತೊಟ್ಟಿಕ್ಕಲು ಶುರುವಾದರಂತೂ ಗಾಬರಿ. ಎಷ್ಟೋ ಸಲ ಬಾಯ್ಲರ್ ಸರಿಯಾಗಿಯೇ ಇರುತ್ತದೆ. ಸೋರುವುದು ಅದರ ಕೆಳಗೆ ನೇತಾಡುವ, ಸ್ಟೀಲ್ ಜಾಲರಿ ಹೊದ್ದ ಒಂದು ಸಣ್ಣ ಪೈಪು. ಅದೇ ಫಿಲ್ಲಿಂಗ್ ಲೂಪ್.

ಕಾಂಬಿ ಬಾಯ್ಲರ್, ಅಂದರೆ ಮನೆಯನ್ನೂ ಬೆಚ್ಚಗಿಟ್ಟು ನಲ್ಲಿಗೂ ಬಿಸಿನೀರು ಕೊಡುವ ಬಾಯ್ಲರ್ ಇರುವ ಮನೆಯಲ್ಲಿ ರೇಡಿಯೇಟರ್‌ಗಳಲ್ಲಿ ಓಡಾಡುವ ನೀರೇ ಬೇರೆ, ನಲ್ಲಿಯಲ್ಲಿ ಬರುವ ನೀರೇ ಬೇರೆ. ರೇಡಿಯೇಟರ್ ನೀರು ಒಳಗೊಳಗೇ ಸುತ್ತುತ್ತಿರುತ್ತದೆ. ಬಾಯ್ಲರ್ ತಣ್ಣಗಿರುವಾಗ ಅದರ ಪ್ರೆಶರ್ 1ರಿಂದ 1.5 ಬಾರ್ ಇದ್ದರೆ ಸಾಕು. ಕಡಿಮೆಯಾದಾಗ ಮೇನ್ಸ್ ನೀರನ್ನು, ಅಂದರೆ ಬೀದಿಯ ಕೊಳವೆಯಿಂದ ಮನೆಗೆ ಬರುವ ನೀರನ್ನು ಒಳಗೆ ಬಿಡುವುದಕ್ಕೆ ಈ ಲೂಪ್ ಬೇಕು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿಡಬೇಕು ಅಂತ 1999ರ ವಾಟರ್ ಫಿಟ್ಟಿಂಗ್ಸ್ ನಿಯಮಗಳೇ ಹೇಳುತ್ತವೆ. ರೇಡಿಯೇಟರ್ ನೀರಿನಲ್ಲಿ ತುಕ್ಕು ಇರುತ್ತದೆ, ತುಕ್ಕು ತಡೆಯಲು ಹಾಕಿದ ರಾಸಾಯನಿಕವೂ ಇರುತ್ತದೆ. ಅದು ಹಿಂದಕ್ಕೆ ಹರಿದು ಕುಡಿಯುವ ನೀರಿಗೆ ಸೇರಬಾರದು ಅಲ್ವಾ? ಆದರೂ ಹೆಚ್ಚಿನ ಮನೆಗಳಲ್ಲಿ ಲೂಪ್ ವರ್ಷಗಟ್ಟಲೆ ಅಲ್ಲೇ ನೇತಾಡುತ್ತಿರುತ್ತದೆ. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ಬಿರುಕು ಬಿಟ್ಟು, ಕೊನೆಗೆ ಜಿನುಗುತ್ತದೆ.

ಬಾಡಿಗೆ ಮನೆಯಾದರೆ ಸ್ಪ್ಯಾನರ್ ಮುಟ್ಟಬೇಡಿ. ಇಂಗ್ಲೆಂಡ್‌ನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ಬಾಡಿಗೆ ಕರಾರುಗಳಲ್ಲಿ ಹೀಟಿಂಗ್ ಮತ್ತು ಬಿಸಿನೀರಿನ ರಿಪೇರಿ ಮಾಲೀಕರದೇ ಹೊಣೆ. ಫೋಟೋ ತೆಗೆದು ಲೆಟಿಂಗ್ ಏಜೆಂಟ್‌ಗೆ ಇಮೇಲ್ ಹಾಕಿ. ಫೋನ್ ಮಾಡಿದರೂ ಇಮೇಲ್ ಇರಲಿ, ಬರವಣಿಗೆಯಲ್ಲಿದ್ದರೆ ಮುಂದೆ ಮಾತು ಬದಲಾಗುವುದಿಲ್ಲ. "ಸಣ್ಣ ವಿಷಯ, ಯಾಕೆ ತೊಂದರೆ ಕೊಡೋದು" ಅಂತ ಸುಮ್ಮನಿರುವ ಸಂಕೋಚ ನಮ್ಮವರಲ್ಲಿ ಜಾಸ್ತಿ. ತಿಂಗಳಾದ ಮೇಲೆ ಕಾರ್ಪೆಟ್ ಕಲೆಯಾಗಿ ಡಿಪಾಸಿಟ್‌ಗೆ ಕತ್ತರಿ ಬಿದ್ದರೆ ಆ ಸಂಕೋಚ ಕೆಲಸಕ್ಕೆ ಬರುವುದಿಲ್ಲ.

ಸ್ವಂತ ಮನೆಯವರು ಮೊದಲು ಎಲ್ಲಿ ಸೋರುತ್ತಿದೆ ಅಂತ ನೋಡಿ. ಟಿಶ್ಯೂ ಪೇಪರಿನಿಂದ ಎಲ್ಲ ಒರೆಸಿ, ಒಂದೊಂದೇ ಜಾಗಕ್ಕೆ ಹೊಸ ಟಿಶ್ಯೂ ಒತ್ತಿ ಹಿಡಿಯಿರಿ. ನಟ್ ಹತ್ತಿರ ಒದ್ದೆಯಾದರೆ ವಾಷರ್ ಹೋಗಿದೆ. ಜಾಲರಿಯ ನಡುವೆ ಒದ್ದೆಯಾದರೆ ಪೈಪೇ ಹೋಗಿದೆ. ವಾಲ್ವ್‌ನ ಹಿಡಿಯ ಬುಡದಲ್ಲಿ ಬರುತ್ತಿದ್ದರೆ ವಾಲ್ವ್ ಬದಲಿಸಬೇಕು, ಅದು ಪ್ಲಂಬರ್ ಕೆಲಸ. ಹೊರಗೆ ಏನೂ ಸೋರದೆ ಪ್ರೆಶರ್ ಮುಳ್ಳು ತಾನಾಗಿಯೇ ಏರುತ್ತಿದ್ದರೆ, ವಾಲ್ವ್ ಪೂರ್ತಿ ಮುಚ್ಚದೆ ನೀರು ಒಳಗೆ ನುಸುಳುತ್ತಿರಬಹುದು. ಹಾಗೆ ಏರಿ 3 ಬಾರ್ ಹತ್ತಿರ ಹೋದರೆ ಸೇಫ್ಟಿ ವಾಲ್ವ್ ತೆರೆದು, ಮನೆಯ ಹೊರಗೋಡೆಯ ತಾಮ್ರದ ಪೈಪಿನಿಂದ ನೀರು ಬೀಳುತ್ತದೆ. ಲೂಪ್ ಬಿಚ್ಚಿಟ್ಟ ಮೇಲೆ ಮುಳ್ಳು ಏರುವುದು ನಿಂತರೆ, ಕಳ್ಳ ಸಿಕ್ಕಿಬಿದ್ದ ಹಾಗೆ.

ಕೆಲವು ಬಾಯ್ಲರ್‌ಗಳಲ್ಲಿ ನೇತಾಡುವ ಪೈಪು ಇರುವುದೇ ಇಲ್ಲ. ಬದಲಿಗೆ ಪ್ಲಾಸ್ಟಿಕ್ ಕೀ ಅಥವಾ ಒಂದು ಲಿವರ್ ಇರುತ್ತದೆ. ಅಂಥದ್ದು ಸೋರಿದರೆ ಎಂಜಿನಿಯರ್‌ಗೆ ಬಿಡಿ. ಬಾಯ್ಲರ್‌ನ ಹೊರಕವಚವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ.

ಈಗ ಕೆಲಸ. ಬಾಯ್ಲರ್ ಆಫ್ ಮಾಡಿ, ಆರಲು ಬಿಡಿ. ಲೂಪಿನ ಎರಡೂ ತುದಿಯ ವಾಲ್ವ್ ಮುಚ್ಚಿ. ಹಿಡಿ ಇಲ್ಲದೆ ಸ್ಕ್ರೂ ಗೀಟು ಮಾತ್ರ ಇದ್ದರೆ, ಗೀಟು ಪೈಪಿಗೆ ಅಡ್ಡವಾದಾಗ ಮುಚ್ಚಿದೆ, ಉದ್ದಕ್ಕಿದ್ದಾಗ ತೆರೆದಿದೆ ಅಂತ ಅರ್ಥ. ಮನೆಗೆ ಬರುವ ನೀರನ್ನೆಲ್ಲ ನಿಲ್ಲಿಸುವ ಸ್ಟಾಪ್‌ಕಾಕ್ ಎಲ್ಲಿದೆ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ, ಸಾಮಾನ್ಯವಾಗಿ ಅಡುಗೆಮನೆ ಸಿಂಕಿನ ಕೆಳಗಿರುತ್ತದೆ. ಕೆಳಗೆ ಹಳೇ ಟವೆಲ್, ಒಂದು ಬಕೆಟ್ ಇಡಿ. ನಟ್‌ಗಳನ್ನು ಸ್ಪ್ಯಾನರ್‌ನಿಂದ ನಿಧಾನಕ್ಕೆ ಸಡಿಲಿಸಿ. ಪೈಪಿನಲ್ಲಿ ನಿಂತಿದ್ದ ನೀರು ಸ್ವಲ್ಪ ಬಂದು ನಿಲ್ಲಬೇಕು. ನಿಲ್ಲದಿದ್ದರೆ ನಟ್ ಮತ್ತೆ ಬಿಗಿ ಮಾಡಿ. ಮೇನ್ಸ್ ಕಡೆಯಿಂದ ಬರುತ್ತಿದ್ದರೆ ಸ್ಟಾಪ್‌ಕಾಕ್ ಮುಚ್ಚಿ. ಕಪ್ಪು ನೀರು ಬರುತ್ತಿದ್ದರೆ ಅದು ರೇಡಿಯೇಟರ್ ಕಡೆಯದು, ಅಲ್ಲಿಗೇ ನಿಲ್ಲಿಸಿ ಪ್ಲಂಬರ್‌ಗೆ ಹೇಳಿ.

ನೀರು ನಿಂತು, ಪ್ರೆಶರ್ ಸರಿಯಿದ್ದರೆ ಆತುರ ಬೇಡ. ಎರಡೂ ತುದಿಗೆ ಕ್ಯಾಪ್ ಹಾಕಿ ಬಾಯ್ಲರ್ ಆನ್ ಮಾಡಬಹುದು, ಲೂಪ್ ಇಲ್ಲದೆಯೂ ಮನೆ ಬೆಚ್ಚಗಿರುತ್ತದೆ. ಭಾನುವಾರ ರಾತ್ರಿ ದುಪ್ಪಟ್ಟು ದುಡ್ಡು ಕೊಟ್ಟು ಪ್ಲಂಬರ್ ಕರೆಸುವ ಮೊದಲು ಇದು ನೆನಪಿರಲಿ. ಮಾರನೇ ದಿನ ಹಳೇ ಪೈಪನ್ನೇ ಕೈಯಲ್ಲಿ ಹಿಡಿದು ಸ್ಕ್ರೂಫಿಕ್ಸ್, ಟೂಲ್‌ಸ್ಟೇಷನ್ ಅಥವಾ ಬಿ ಅಂಡ್ ಕ್ಯೂಗೆ ಹೋಗಿ, ಉದ್ದವನ್ನೂ ನಟ್ ಅಳತೆಯನ್ನೂ ತಾಳೆ ನೋಡಿ ತನ್ನಿ. ವಾಷರ್ ಮಾತ್ರ ಹೋಗಿದ್ದರೆ ಅದೊಂದನ್ನೇ ತಂದರೂ ಸಾಕು. ಆದರೆ ಹೊಸ ಪೈಪು ದುಬಾರಿಯೇನಲ್ಲ, ಅದನ್ನೇ ಹಾಕುವುದು ವಾಸಿ.

ಹಾಕುವಾಗ ಎರಡೂ ಕಡೆ ವಾಷರ್ ಇದೆಯೇ ನೋಡಿ, ಕೈಯಲ್ಲಿ ಬಿಗಿ ಮಾಡಿ, ಮೇಲೆ ಸ್ಪ್ಯಾನರ್‌ನಿಂದ ಕಾಲು ಸುತ್ತು. ನೀರು ತಡೆಯುವುದು ವಾಷರ್, ಬಲವಲ್ಲ. ಜಾಸ್ತಿ ತಿರುಗಿಸಿದರೆ ಅದೇ ಹಿಂಡಿಹೋಗುತ್ತದೆ. ವಾಲ್ವ್ ಜತೆಗಿರುವ ಇಡೀ ಸೆಟ್ ತಂದಿದ್ದರೆ, ಅದರ ಮೇಲಿನ ಬಾಣದ ಗುರುತು ಮೇನ್ಸ್‌ನಿಂದ ಹೀಟಿಂಗ್ ಕಡೆಗೆ ತೋರಿಸಬೇಕು.

ನೀರು ತುಂಬುವಾಗ ಒಬ್ಬರು ಮುಳ್ಳು ನೋಡುತ್ತಿರಲಿ. ಒಂದು ವಾಲ್ವ್ ಪೂರ್ತಿ ತೆರೆದು, ಇನ್ನೊಂದನ್ನು ಇಷ್ಟಿಷ್ಟೇ ತಿರುಗಿಸಿ. ಸುಯ್ ಅಂತ ಸದ್ದು ಬರುತ್ತದೆ, ಹೆದರಬೇಡಿ. 1.3 ಬಾರ್ ಸುಮಾರಿಗೆ ಎರಡನ್ನೂ ಮುಚ್ಚಿ. ಜಾಸ್ತಿಯಾಗಿಬಿಟ್ಟರೆ ಒಂದು ರೇಡಿಯೇಟರ್‌ನ ಬ್ಲೀಡ್ ಕೀ ತಿರುಗಿಸಿ ಲೋಟಕ್ಕೆ ಸ್ವಲ್ಪ ನೀರು ಬಿಟ್ಟರೆ ಇಳಿಯುತ್ತದೆ. ಆಮೇಲೆ ಲೂಪ್ ಬಿಚ್ಚಿ, ಕ್ಯಾಪ್ ಹಾಕಿ, ಪೈಪನ್ನು ಅದೇ ಕಪಾಟಿನಲ್ಲಿಡಿ. ವಾರಕ್ಕೊಮ್ಮೆ ತುಂಬಬೇಕಾಗಿ ಬಂದರೆ ಸೋರಿಕೆ ಬೇರೆಲ್ಲೋ ಇದೆ, ರೇಡಿಯೇಟರ್ ವಾಲ್ವ್‌ಗಳ ಬುಡ ನೋಡಿ.

ಬಾಯ್ಲರ್ ಒಳಗಿನ ಕೆಲಸಕ್ಕೆ ಕರೆಸುವವರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿಯಲ್ಲಿ ಇರಲೇಬೇಕು. ಕಾರ್ಡ್ ತೋರಿಸಿ ಅಂತ ಕೇಳುವುದು ಇಲ್ಲಿ ಅವಮಾನವಲ್ಲ. ಕಾರ್ಡಿನ ಹಿಂಬದಿಯನ್ನೂ ನೋಡಿ, ಯಾವ ಯಾವ ಕೆಲಸಕ್ಕೆ ಅವರಿಗೆ ಅರ್ಹತೆ ಇದೆ ಅಂತ ಅಲ್ಲಿ ಬರೆದಿರುತ್ತದೆ. ನೀರಲ್ಲ, ಗ್ಯಾಸ್ ವಾಸನೆಯೇ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಕರೆ ಉಚಿತ, ಹಗಲು ರಾತ್ರಿ ತೆಗೆಯುತ್ತಾರೆ.